ಹಾರದ ಈಡು

ನನ್ನ ನಾದಿನಿ ಪಿಸ್ತೂಲು ಕೊಳ್ಳಲು ಹೊರಟಾಗ ಜೊತೆಗೆ ಹೋದವಳು ನಾನು. ಹಾಸನದ ನಮ್ಮ ಬೀದಿಯ ಗೆಳತಿಯರಿಗೆ ಇದನ್ನು ಹೇಳಿದರೆ ಈಗಲೂ ನಗುತ್ತಾರೆ. ಸೀರೆ ಅಂಗಡಿಗೆ ಕರೆಯುತ್ತಾರೆ, ಚಿನ್ನದಂಗಡಿಗೆ ಕರೆಯುತ್ತಾರೆ, ಹೆಚ್ಚೆಂದರೆ ಮಿಕ್ಸಿ ಕೊಳ್ಳುವಾಗ "ನೀವೂ ಬನ್ನಿ, ನಿಮಗೆ ಗೊತ್ತಾಗುತ್ತೆ" ಎನ್ನುತ್ತಾರೆ. ಪಿಸ್ತೂಲಿನ ಬಗ್ಗೆ ನನಗೆ ಗೊತ್ತಿದ್ದದ್ದಾದರೂ ಏನು? ಆದರೂ ಅವಳು ಕರೆದಳು, ನಾನು ಹೋದೆ. ಗಂಡಸರನ್ನು ಕರೆದುಕೊಂಡು ಹೋದರೆ ಅಂಗಡಿಯವನು ಅವರೊಂದಿಗೇ ಮಾತಾಡುತ್ತಾನೆ, ತನಗೆ ಬೇಕಾದ್ದನ್ನು ಕೇಳಲು ಬಿಡುವುದಿಲ್ಲ ಎಂಬುದು ಅವಳ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು.

2013ರಲ್ಲಿ ಅವಳ ಗಂಡ ತೀರಿಕೊಂಡರು. ಸಕಲೇಶಪುರದಿಂದ ಆಚೆ, ಬಸ್ಸಿಳಿದು ಮತ್ತೆ ಜೀಪಿನಲ್ಲಿ ಹೋಗಬೇಕಾದ ಕಡೆ ತೋಟ. ಮಗ ಪುಣೆಯಲ್ಲಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಂದು ಮನೆಯೂ ಇಲ್ಲ. ಆಗ ಕಾಳುಮೆಣಸಿಗೆ ವಿಪರೀತ ಬೆಲೆ. ಒಂದು ರಾತ್ರಿ ಅಡುಗೆಮನೆಯ ಬಾಗಿಲ ಚಿಲಕವನ್ನು ಯಾರೋ ಹೊರಗಿನಿಂದ ಅಲ್ಲಾಡಿಸಿ ನೋಡಿದರು. ಇವಳು ದೀಪ ಹಾಕದೆ, ಉಸಿರು ಬಿಡದೆ, ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳಂತೆ. ಬೆಳಿಗ್ಗೆ ನೋಡಿದರೆ ಗೋದಾಮಿನಿಂದ ಮೂರು ಮೂಟೆ ಮೆಣಸು ಹೋಗಿತ್ತು. "ಮೆಣಸು ಹೋದರೆ ಹೋಗಲಿ ಅತ್ತಿಗೆ. ಆ ಚಿಲಕದ ಸದ್ದು ಕಿವಿಯಿಂದ ಹೋಗ್ತಾ ಇಲ್ಲ" ಎಂದಳು. ಗಂಡನ ಜೋಡುನಳಿಗೆ ಕೋವಿಯನ್ನು ಅವರು ಹೋದ ಮೇಲೆ ಠಾಣೆಗೆ ಒಪ್ಪಿಸಿಯಾಗಿತ್ತು. ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಭುಜಕ್ಕೆ ಏರಿಸಲೇ ಆಗದ ಕೋವಿ ಕಟ್ಟಿಕೊಂಡು ಏನು ಮಾಡುವುದು? ಚಿಕ್ಕದು ಬೇಕು, ದಿಂಬಿನ ಪಕ್ಕ ಇಟ್ಟುಕೊಳ್ಳುವಂಥದ್ದು.

ಅದೇ ಹೊತ್ತಿಗೆ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಹೆಂಗಸರಿಗೆಂದೇ ಒಂದು ರಿವಾಲ್ವರ್ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಆದದ್ದನ್ನು ಯಾರೂ ಮರೆತಿರಲಿಲ್ಲ. ಅವಳಿಗೆ ಜನ ಕೊಟ್ಟ ಹೆಸರಿನ ನೆನಪು ಬರುವಂತೆಯೇ ಇದಕ್ಕೆ 'ನಿರ್ಭೀಕ್' ಎಂದು ಹೆಸರು. ತೂಕ ಅರ್ಧ ಕಿಲೋ, .32 ಬೋರ್, ಬೆಲೆ 1,22,360 ರೂಪಾಯಿ. ಒಡವೆಯ ಪೆಟ್ಟಿಗೆಯಂಥ ಕೆಂಗಂದು ಬಣ್ಣದ ಡಬ್ಬಿಯಲ್ಲಿಟ್ಟು ಕೊಡುತ್ತಾರೆ ಎಂದೂ ಬರೆದಿದ್ದರು. ಅದನ್ನು ಓದಿ ನನಗೆ ಸಿಟ್ಟು ಬಂದಿತ್ತು. ಹೆಂಗಸಿಗೆ ಏನನ್ನೇ ಮಾರಲಿ, ಒಡವೆಯ ಡಬ್ಬಿಯಲ್ಲೇ ಇಡಬೇಕೇ? ನಾದಿನಿ ಮಾತ್ರ ಅದನ್ನು ಕತ್ತರಿಸಿ ಪಂಚಾಂಗದೊಳಗೆ ಇಟ್ಟುಕೊಂಡಳು.

ಲೈಸೆನ್ಸ್ ಕೈಗೆ ಬರಲು ಒಂದು ವರ್ಷದ ಮೇಲಾಯಿತು. ಅದರ ಕಥೆ ಬೇಡ, ಅರ್ಜಿ, ವಿಚಾರಣೆ, ಮತ್ತೆ ಅರ್ಜಿ. 2015ರಲ್ಲಿ ಇಬ್ಬರೂ ರೈಲು ಹತ್ತಿ ಬೆಂಗಳೂರಿಗೆ ಹೋದೆವು.

ಅಂಗಡಿಯವನು ಒಳ್ಳೆಯವನೇ. ಕಾಫಿ ತರಿಸಿಕೊಟ್ಟ. ನಿರ್ಭೀಕ್ ಅವನಲ್ಲಿರಲಿಲ್ಲ, ಬೇಕೆಂದರೆ ಬರೆದು ತರಿಸಬೇಕಿತ್ತು. ಗಾಜಿನ ಮೇಜಿನ ಮೇಲೆ ಎರಡನ್ನು ಇಟ್ಟ. ಒಂದು, ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಇನ್ನೊಂದು ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಳೆಯ ವಿದೇಶಿ ಪಿಸ್ತೂಲು. ಹೊರದೇಶದ ಕೈಬಂದೂಕುಗಳನ್ನು ಸಾಮಾನ್ಯ ಜನ ತರಿಸುವುದು ಎಂಬತ್ತರ ದಶಕದಲ್ಲಿಯೇ ನಿಂತಿತು. ಹಾಗಾಗಿ ಆ ಹಳೆಯವಕ್ಕೆ ಹೊಸದಕ್ಕಿಂತ ಹೆಚ್ಚು ಬೆಲೆ. "ಇದು ಒಬ್ಬರು ದೊಡ್ಡ ಪ್ಲಾಂಟರ್ದು ಅಮ್ಮಾ. ಅವರು ಹೋದ ಮೇಲೆ ಅವರ ಮನೆಯವರು ತಂದುಕೊಟ್ಟರು" ಎಂದ. ಗಂಡ ಹೋದವಳೊಬ್ಬಳು ಬೇಡವೆಂದು ಬಿಟ್ಟುಹೋದದ್ದನ್ನು ಗಂಡ ಹೋದ ಇನ್ನೊಬ್ಬಳು ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇದನ್ನು ನಂಬಬಹುದಾ?"

ಆತ ಎರಡನ್ನೂ ತಿರುಗಿಸಿ ನಳಿಗೆಯ ಹತ್ತಿರ ಕೊರೆದಿದ್ದ ಸಣ್ಣ ಮುದ್ರೆಗಳನ್ನು ತೋರಿಸಿದ. ಪ್ರೂಫ್ ಗುರುತು. ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾಕಿ ಹಾರಿಸಿ, ನಳಿಗೆ ಒಡೆಯದಿದ್ದರೆ ಈ ಮುದ್ರೆ ಒತ್ತುತ್ತಾರೆ. ನನಗೆ ಅದೊಂದು ಹೊಸ ವಿಷಯ. ಸ್ವಲ್ಪ ಹೊತ್ತಿನ ನಂತರ ಹೊಳೆಯಿತು: ಈ ಮುದ್ರೆ ಹೇಳುವುದು ಬಂದೂಕು ಹಿಡಿದವಳ ಕೈಯಲ್ಲೇ ಸಿಡಿಯುವುದಿಲ್ಲ ಎಂದು ಮಾತ್ರ. ಬೇಕಾದಾಗ ಹಾರುತ್ತದೆ ಎಂದಲ್ಲ. ಕೇಳಿದೆ. ಆತ ನಕ್ಕ. "ಅದಕ್ಕೆ ಯಾರೂ ಮುದ್ರೆ ಒತ್ತಲ್ಲ ಮೇಡಂ."

ಆ ಸಣ್ಣ ಪಿಸ್ತೂಲಿನ ಮೇಲಿನ ಭಾಗವನ್ನು, ಅದಕ್ಕೆ ಸ್ಲೈಡ್ ಎನ್ನುತ್ತಾರೆ, ಹಿಂದಕ್ಕೆ ಎಳೆದರೆ ಮೊದಲ ತೋಟಾ ನಳಿಗೆಗೆ ಏರುತ್ತದೆ. ನಾದಿನಿ ಎಳೆದಳು. ಬರಲಿಲ್ಲ. ಮತ್ತೆ ಎಳೆದಳು, ಅರ್ಧ ಬಂದು ಕೈ ಜಾರಿತು. ಕಾಫಿ ಹಣ್ಣು ಬಿಡಿಸಿದ, ಹಸು ಕರೆದ ಕೈ ಅದು, ನನ್ನದರಂತೆ ಮೆತ್ತನೆಯದಲ್ಲ. ಪಿಸ್ತೂಲು ಚಿಕ್ಕದಾದಷ್ಟೂ ಒಳಗಿನ ಸ್ಪ್ರಿಂಗ್ ಬಿಗಿ ಇರಬೇಕಾಗುತ್ತದಂತೆ. ಸ್ಲೈಡು ಹಗುರ, ಅದು ಓಡಾಡುವ ಜಾಗವೂ ಕಡಿಮೆ, ತಡೆಯುವುದು ಸ್ಪ್ರಿಂಗೇ. ಇನ್ನೊಂದು ವಿಚಿತ್ರವನ್ನೂ ಆತ ಹೇಳಿದ. ಇಂಥ ಪಿಸ್ತೂಲು ಒಂದು ಗುಂಡು ಹಾರಿದ ಒದೆತದಿಂದಲೇ ಮುಂದಿನ ತೋಟಾವನ್ನು ಏರಿಸಿಕೊಳ್ಳುತ್ತದೆ. ಆ ಒದೆತಕ್ಕೆ ಹಿಡಿದವರ ಮಣಿಕಟ್ಟು ಸೆಟೆದು ನಿಲ್ಲಬೇಕು. ಮಣಿಕಟ್ಟು ಸಡಿಲಬಿಟ್ಟರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ, ಖಾಲಿ ತೋಟಾ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಪಿಸ್ತೂಲು ಒಬ್ಬರ ಕೈಯಲ್ಲಿ ನೂರಕ್ಕೆ ನೂರು ಹಾರೀತು, ಇನ್ನೊಬ್ಬರ ಕೈಯಲ್ಲಿ ಎರಡನೆಯದಕ್ಕೇ ನಿಂತೀತು.

ಅಂದರೆ ನಾವು ಕೇಳಿದ ಪ್ರಶ್ನೆಯೇ ತಪ್ಪು. ಪಿಸ್ತೂಲನ್ನು ನಂಬಬಹುದೇ ಎಂದು ಕೇಳುತ್ತಿದ್ದೆವು. ಅದು ತಿರುಗಿ ನಮ್ಮನ್ನೇ ಕೇಳುತ್ತಿತ್ತು, ಅಪರಾತ್ರಿಯಲ್ಲಿ ಚಿಲಕ ಅಲ್ಲಾಡುವಾಗ ನಿನ್ನ ಮಣಿಕಟ್ಟು ಹೇಗಿರುತ್ತದೆ ಎಂದು.

ರಿವಾಲ್ವರಿನಲ್ಲಿ ಈ ರಗಳೆ ಇಲ್ಲ. ಒಂದು ತೋಟಾ ಹಾರದಿದ್ದರೆ ಮತ್ತೆ ಟ್ರಿಗರ್ ಒತ್ತಿದರೆ ಸಾಕು, ಗುಂಡಿನ ಮನೆ ತಿರುಗಿ ಮುಂದಿನದು ಬರುತ್ತದೆ. ಟ್ರಿಗರ್ ಮಾತ್ರ ಬಿಗಿ. ಅದನ್ನು ಎಳೆಯುವ ಹೊತ್ತಿಗೆ ಗುರಿ ಅತ್ತಿತ್ತ ಆಗುತ್ತದೆ. ನಳಿಗೆ ಗಿಡ್ಡವಾದ್ದರಿಂದ ಕಣ್ಣಿಗೆ ಕಾಣದ ಅತ್ತಿತ್ತವೂ ಹತ್ತು ಹೆಜ್ಜೆಯಾಚೆ ದೊಡ್ಡದಾಗುತ್ತದೆ. ಬಂದೂಕು ಹಗುರವಾದಷ್ಟೂ ಅದೇ ತೋಟಾ ಕೈಗೆ ಜೋರಾಗಿ ಒದೆಯುತ್ತದೆ. ಒಂದನ್ನು ಗಳಿಸಲು ಹೋದರೆ ಇನ್ನೊಂದನ್ನು ಬಿಡಬೇಕು. ಹಗುರವೂ ಇರಲಿ, ಚಿಕ್ಕದೂ ಇರಲಿ, ಸುಲಭವೂ ಇರಲಿ, ಎಂದೂ ಕೈಕೊಡದೆಯೂ ಇರಲಿ ಎಂದರೆ ಹೇಗೆ? ಅಳಿಯನನ್ನು ಹುಡುಕುವಾಗ ನಾವು ಹಾಗೆಯೇ ಕೇಳುತ್ತೇವೆ ಅನ್ನಿ.

ಹಾರಿಸಿ ನೋಡಿಯೇ ಕೊಳ್ಳೋಣ ಎಂದರೆ ಅಂಗಡಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಮೆರಿಕದಲ್ಲಿ ಹೊಸ ಪಿಸ್ತೂಲಿನಲ್ಲಿ ಇನ್ನೂರು ತೋಟಾನಾದರೂ ಹಾರಿಸಿ, ಒಮ್ಮೆಯೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಅದನ್ನು ನೆಚ್ಚುತ್ತಾರೆಂದು ನನ್ನ ಮಗ ಹೇಳಿದ್ದ. ಅವನು ಇಂಜಿನಿಯರು, ಲೆಕ್ಕವನ್ನೂ ಕೊಟ್ಟ. ಇನ್ನೂರರಲ್ಲಿ ಒಂದೂ ತಪ್ಪದಿದ್ದರೆ, ಮುಂದೆ ತಪ್ಪುವುದು ನೂರಕ್ಕೆ ಒಂದೂವರೆಗಿಂತ ಹೆಚ್ಚಿರಲಾರದು ಎಂದು ತಕ್ಕಮಟ್ಟಿನ ಧೈರ್ಯದಿಂದ ಹೇಳಬಹುದಂತೆ. ಐವತ್ತೇ ಹಾರಿಸಿದ್ದರೆ ನೂರಕ್ಕೆ ಆರು. ಐದೋ ಆರೋ ಹಾರಿಸಿದ್ದರೆ ಹೇಳಲು ಏನೂ ಇಲ್ಲ. ನಮ್ಮಲ್ಲಿ ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಪರೀಕ್ಷೆ ಮಾಡುತ್ತಾ ಕೂತರೆ ಕಳ್ಳ ಬಂದಾಗ ತೋಟಾ ಇರುವುದಿಲ್ಲ. ಕೊನೆಗೆ ಉಳಿಯುವುದು ಯಾರದೋ ಮಾತು: ಅಂಗಡಿಯವನದು, ಕಾರ್ಖಾನೆಯದು, "ನಮ್ಮ ಚಿಕ್ಕಪ್ಪನ ಹತ್ತಿರ ಇದೇ ಇತ್ತು" ಎನ್ನುವವನದು.

ಯೋಚಿಸಿದರೆ ನಾವು ಬಹಳಷ್ಟನ್ನು ಹೀಗೆಯೇ ನಂಬಿದ್ದೇವೆ. ಕುಕ್ಕರಿನ ಸೇಫ್ಟಿ ವಾಲ್ವ್ ಕೆಲಸ ಮಾಡುವುದನ್ನು ಎಷ್ಟು ಜನ ನೋಡಿದ್ದೀರಿ? ಸೀಟಿಯ ದಾರಿ ಕಟ್ಟಿಕೊಂಡ ದಿನ ಅದು ಕರಗಿ ಉಗಿ ಬಿಡಬೇಕು, ಬಿಡುತ್ತದೆ ಎಂದು ನಂಬಿ ದಿನವೂ ಬೇಳೆ ಇಡುತ್ತೇವೆ. ಆದರೆ ವಾಲ್ವ್‌ಗೆ ಎದುರಿಗಿರುವವರು ಯಾರೆಂದು ತಿಳಿಯಬೇಕಾಗಿಲ್ಲ. ಈ ವ್ಯತ್ಯಾಸ ನನ್ನನ್ನು ಕಾಡಲು ಕಾರಣವಿದೆ.

1971ರ ಮಳೆಗಾಲ. ನನಗೆ ಒಂಬತ್ತು ವರ್ಷ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪನದೊಂದು ಕೇಪಿನ ಕೋವಿ. ಬಾಯಿಯಿಂದ ಮಸಿ, ಚರೆ ತುಂಬಿ, ಕೇಪು ಇಟ್ಟು ಹಾರಿಸುವಂಥದ್ದು. ಜಗಲಿಯ ಗೋಡೆಯಲ್ಲಿ ಈಡು ತುಂಬಿಯೇ ಇರುತ್ತಿತ್ತು. ಹಿಂದಿನ ವಾರ ಹೊಳೆಯಾಚೆಯ ಮನೆಯೊಂದಕ್ಕೆ ಕಳ್ಳರು ನುಗ್ಗಿ ಮನೆಯ ಯಜಮಾನನ ಕೈ ಕಡಿದಿದ್ದರು. ಊರಿಗೆ ಊರೇ ಹೆದರಿತ್ತು. ಒಂದು ರಾತ್ರಿ ಕೊಟ್ಟಿಗೆಯಲ್ಲಿ ಹಸುಗಳು ಗಡಬಡಿಸಿದವು. ಅಪ್ಪ ಕೋವಿ ತೆಗೆದುಕೊಂಡು ಹಿಂದಿನ ಬಾಗಿಲಿಗೆ ಬಂದು "ಯಾರದು?" ಎಂದು ಎರಡು ಸಲ ಕೂಗಿದರು. ಮಳೆಯ ಸದ್ದಿನಲ್ಲಿ ಉತ್ತರವಿಲ್ಲ. ಕಂಬಳಿಕೊಪ್ಪೆ ಹಾಕಿದ ಆಕಾರವೊಂದು ಕೊಟ್ಟಿಗೆಯ ಕಂಬದ ಹಿಂದಿನಿಂದ ಇತ್ತ ಬಂತು. ಅಪ್ಪ ಹಾರಿಸಿದರು. ಕೇಪು 'ಚಟ್' ಎಂದಿತು. ಈಡು ಹಾರಲಿಲ್ಲ. ಮಳೆಗಾಲದ ಥಂಡಿಗೆ ಒಳಗಿನ ಮಸಿ ನೀರು ಕುಡಿದಿತ್ತು.

ಬಂದವನು ನನ್ನ ದೊಡ್ಡಣ್ಣ. ಶಿವಮೊಗ್ಗದಲ್ಲಿ ಕಾಲೇಜು ಬಿಟ್ಟು, ಅಪ್ಪನ ಮುಖ ನೋಡುವ ಧೈರ್ಯವಿಲ್ಲದೆ, ಅಮ್ಮನನ್ನು ಹಿತ್ತಿಲಿನಿಂದ ಕರೆಯೋಣವೆಂದು ಬಂದಿದ್ದ.

ಆ ರಾತ್ರಿ ಯಾರೂ ಮಾತಾಡಲಿಲ್ಲ. ಬೆಳಿಗ್ಗೆ ಅಪ್ಪ ಕೋವಿ ಬಿಚ್ಚಿ, ನಳಿಗೆ ಉಜ್ಜಿ, ಹೊಸ ಮಸಿ ತರಲು ಆಳು ಕಳಿಸಲು ಹೊರಟರು. ಅಮ್ಮ ಎಂದೂ ಅಪ್ಪನಿಗೆ ಎದುರು ಹೇಳಿದವಳಲ್ಲ. ಅಂದು ಬಾಗಿಲಿಗೆ ಅಡ್ಡ ನಿಂತು "ಅದನ್ನು ಸರಿ ಮಾಡಬೇಡಿ" ಎಂದಳು.

"ಹಾರದ ಕೋವಿ ಇಟ್ಟುಕೊಂಡು ಏನು ಮಾಡೋದು?"

"ಹಾರಲಿಲ್ಲ ಅಂತಲೇ ಮಗ ತಿಂಡಿ ತಿಂತಾ ಇದಾನೆ."

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಅದು ಅವನಲ್ಲದೆ ಅವರಾಗಿದ್ದರೆ?" ಎಂದರು. ಅಮ್ಮನ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ. ಅಪ್ಪ ಕೋವಿ ಸರಿ ಮಾಡಿದರು. ದಪ್ಪ ಕುತ್ತಿಗೆಯ ಬಾಟಲಿಯಲ್ಲಿ ಮಸಿಯನ್ನು ಮೇಣ ಮೆತ್ತಿ ಇಡಲು ಶುರುಮಾಡಿದರು. ಅಮ್ಮ ಅಂದಿನಿಂದ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಲಾಂದ್ರ ಇಟ್ಟಳು, ಸೀಮೆಎಣ್ಣೆಗೆ ಎಷ್ಟೇ ತಾಪತ್ರಯವಾದರೂ.

ಇದನ್ನು ನಾನು ನಾದಿನಿಗೆ ಹೇಳಿದ್ದು ಆ ಅಂಗಡಿಯಲ್ಲಲ್ಲ. ಹೊರಗೆ ಬಂದು ಹೋಟೆಲಿನಲ್ಲಿ ದೋಸೆ ಬರುವವರೆಗೆ ಹೇಳಿದೆ. ನನ್ನ ಮಾತಿನಲ್ಲಿ ಅವಳನ್ನು ತಡೆಯುವ ಆಸೆಯಿತ್ತು, ಮುಚ್ಚಿಡುವುದಿಲ್ಲ. ರಾತ್ರಿ ಮನೆ ಒಡೆದು ನುಗ್ಗುವವನನ್ನು ಕೊಂದರೂ ಕಾನೂನಿನಲ್ಲಿ ರಕ್ಷಣೆಯುಂಟು, ಆದರೆ ಭಯಕ್ಕೆ ತಕ್ಕ ಕಾರಣವಿರಬೇಕು ಎಂದೆ. ಅವಳು ಕೇಳಿದಳು: "ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ನಲ್ಲ, ಅದು ಕಾರಣ ಅಲ್ವಾ ಅತ್ತಿಗೆ? ನಿಮ್ಮ ಅಣ್ಣ ಬದುಕಿದ್ದು ನಿಮಗೆ ಗೊತ್ತು. ಆ ಹೊಳೆಯಾಚೆಯವರ ಕೋವಿ ಹಾರಿತ್ತಾ, ಇಲ್ವಾ?"

ನಾನು ಅದನ್ನು ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವರ ಮನೆಯಲ್ಲಿ ಕೋವಿ ಇತ್ತೋ ಇಲ್ಲವೋ ಅದೂ ಗೊತ್ತಿಲ್ಲ. ನಮ್ಮ ಮನೆಯ ಕಥೆಯನ್ನಷ್ಟೇ ಹಿಡಿದುಕೊಂಡು ಕೋವಿಯ ನ್ಯಾಯ ತೀರ್ಮಾನಿಸಿಬಿಟ್ಟಿದ್ದೆ. ಹೀಗೆಂದು ಅಮ್ಮ ತಪ್ಪು, ಅಪ್ಪ ಸರಿ ಎಂದು ಈಗಲೂ ಹೇಳಲಾರೆ. ಕೈಕೊಡದ ಕೋವಿ ಎಂದರೆ ಕೇಳಿದಾಗ ಹಾರುವುದು. ಕೇಳಿದವರು ಯಾಕೆ ಕೇಳಿದರು, ಎದುರಿಗೆ ಯಾರು ನಿಂತಿದ್ದಾರೆ ಎನ್ನುವುದು ಅದಕ್ಕೆ ಬೇಡ. ಒಳ್ಳೆಯ ಕೋವಿಯಾದಷ್ಟೂ ಬೇಡ. ಆ ನೋಡುವ ಕೆಲಸ ಪೂರ್ತಿ ನಮ್ಮ ಪಾಲಿಗೇ ಬರುತ್ತದೆ. ಅದೂ ಕಣ್ಣು ಕಾಣದ ಹೊತ್ತಿನಲ್ಲಿ, ಕೈ ನಡುಗುವ ಹೊತ್ತಿನಲ್ಲಿ.

ದೋಸೆ ತಿಂದು ಮತ್ತೆ ಅಂಗಡಿಗೆ ಹೋದೆವು. ಅವಳು ರಿವಾಲ್ವರ್ ಕೊಂಡಳು. ಮಲೆನಾಡಿನ ಥಂಡಿಗೆ ತೋಟಾ ಹೇಗಿಡಬೇಕು, ಎಣ್ಣೆ ಎಷ್ಟು ದಿನಕ್ಕೊಮ್ಮೆ ಹಾಕಬೇಕು ಎಂದು ಬರೆಸಿಕೊಂಡಳು. ಆ ಭಾನುವಾರವೇ ಎಲೆಕ್ಟ್ರಿಷಿಯನ್ನನನ್ನು ಕರೆಸಿ ಮನೆಯ ನಾಲ್ಕೂ ಕಡೆ ದೀಪ ಹಾಕಿಸಿದಳು. ಅದು ನನ್ನ ಅಮ್ಮನ ಲಾಂದ್ರದಿಂದ ಬಂದದ್ದು ಎಂದು ನಾನು ತಿಳಿದುಕೊಂಡಿದ್ದೇನೆ, ಅವಳೇನೂ ಹಾಗೆ ಹೇಳಲಿಲ್ಲ.

ಇಷ್ಟು ವರ್ಷಗಳಲ್ಲಿ ಅದನ್ನು ಹಾರಿಸುವ ಪ್ರಸಂಗ ಬಂದಿಲ್ಲ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾಳೆ. ಅದು ಮನೆಯಲ್ಲಿಲ್ಲದ ದಿನಗಳಲ್ಲಿ ನಿದ್ದೆ ಬರುತ್ತಾ ಎಂದು ಒಮ್ಮೆ ಕೇಳಿದೆ. "ಬರುತ್ತೆ. ಅದೇ ವಿಚಿತ್ರ ನೋಡಿ" ಎಂದಳು. ಮತ್ತೆ "ಆದರೆ ವಾಪಸ್ ತಂದ ದಿನ ಇನ್ನೂ ಚೆನ್ನಾಗಿ ಬರುತ್ತೆ" ಎಂದು ಸೇರಿಸಿದಳು.

ನಾನು ಈಗಲೂ ವರ್ಷಕ್ಕೆರಡು ಸಲ ಹೋಗುತ್ತೇನೆ. ಕಾಫಿ ಕೊಯ್ಲಿನ ಕಾಲದಲ್ಲಿ ತಲುಪುವುದು ಕೆಲವೊಮ್ಮೆ ಕತ್ತಲಾದ ಮೇಲೆಯೇ. ಮೊದಲೆಲ್ಲ ಅಂಗಳಕ್ಕೆ ಬಂದು ಕೂಗುತ್ತಿದ್ದೆ. ಈಗ ಗೇಟಿನಲ್ಲಿಯೇ ಜೀಪು ನಿಲ್ಲಿಸಿ ಫೋನ್ ಮಾಡುತ್ತೇನೆ. ಅವಳು ಎತ್ತಿ, ಹೊರಗಿನ ದೀಪಗಳನ್ನೆಲ್ಲ ಹಾಕಿ, "ಬನ್ನಿ ಅತ್ತಿಗೆ" ಎಂದ ಮೇಲೆ ಒಳಗೆ ಹೋಗುತ್ತೇನೆ.