ಪಪ್ಪಾಯಿ ಹಾಲು ಮತ್ತು ಅಹಿಂಸೆ

ಪಪ್ಪಾಯಿ ಕಾಯಾಗಿದ್ದಾಗ ಗೀರಿದರೆ ಹಾಲು ಒಸರುತ್ತದೆ. ಅದರಲ್ಲಿ ಕೈಟಿನೇಸ್ ಎಂಬ ಕಿಣ್ವವಿದೆ. ಶಿಲೀಂಧ್ರಗಳ ಕೋಶಭಿತ್ತಿಗೂ ಕೀಟಗಳ ಕವಚಕ್ಕೂ ಬಲ ಕೊಡುವ ಕೈಟಿನ್ ಅನ್ನು ಅದು ತುಂಡರಿಸುತ್ತದೆ. ಗಿಡದ ಮೈಯಲ್ಲಿ ಕೈಟಿನ್ ಇಲ್ಲ. ಹಾಗಾಗಿ ಈ ಆಯುಧ ಗಿಡವನ್ನೇ ಇರಿಯದು. ಮುರಿದ ಚೂರುಗಳನ್ನು ಜೀವಕೋಶದ ಹೊರಪೊರೆಯ ಗ್ರಾಹಕಗಳು ಗುರುತಿಸಿ ಉಳಿದ ರಕ್ಷಣೆಯನ್ನೂ ಎಬ್ಬಿಸುತ್ತವೆ. ಗಿಡವೇ ಹೀಗೆ ಕೊಲ್ಲುವಾಗ ಅಹಿಂಸೆ ಪ್ರಕೃತಿಗೆ ವಿರುದ್ಧವಾದ ಹಟವಲ್ಲವೇ ಎಂದು ಕೇಳಬಹುದು. ಈ ವಾದವನ್ನು ನಾನು ಒಪ್ಪಲಾರೆ. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯೆಂದರೆ ಬರಿಯ ಪ್ರಾಣಹಾನಿಯಲ್ಲ, ಪ್ರಮಾದದಿಂದ, ಅಂದರೆ ಎಚ್ಚರ ತಪ್ಪಿ, ಆದ ಪ್ರಾಣಹಾನಿ. ಎಚ್ಚರ ತಪ್ಪಬೇಕಾದರೆ ಮೊದಲು ಎಚ್ಚರ ಸಾಧ್ಯವಿರಬೇಕು; ಗಿಡಕ್ಕೆ ಅದು ಸಾಧ್ಯವಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ಜೈನದರ್ಶನ ಗಿಡವನ್ನು ಏಕೇಂದ್ರಿಯ ಜೀವವೆನ್ನುತ್ತದೆ, ಅದಕ್ಕೂ ಕರ್ಮಬಂಧವಿದೆ ಎನ್ನುತ್ತದೆ. ನಿಜ. ಆದರೆ ಏಕೇಂದ್ರಿಯಕ್ಕೆ ಮನಸ್ಸಿಲ್ಲ, ವ್ರತ ಹಿಡಿಯುವುದು ಮನಸ್ಸುಳ್ಳ ಜೀವಕ್ಕೆ ಮಾತ್ರ ಎಂದೂ ಅದೇ ದರ್ಶನ ಹೇಳುತ್ತದೆ. ವ್ರತವೇ ಸಾಧ್ಯವಿಲ್ಲದ ಜೀವದ ನಡೆ ವ್ರತಕ್ಕೆ ಅರ್ಹರಾದ ನಮಗೆ ಅನುಮತಿಯಾಗದು. ಗಿಡವನ್ನೇ ಗುರುವೆಂದುಕೊಂಡರೂ ಸಾಕ್ಷ್ಯ ಬೇರೆಯದನ್ನೇ ತೋರಿಸುತ್ತದೆ. ಬೇರಿಗೆ ರಂಜಕ ತಂದುಕೊಡುವ ಮೈಕೊರೈಜಾ ಶಿಲೀಂಧ್ರದ ಗೋಡೆಯಲ್ಲೂ ಕೈಟಿನ್ ಇದೆ. ತೊಗರಿಗೆ ಸಾರಜನಕ ಒದಗಿಸುವ ರೈಜೋಬಿಯಂ ಬ್ಯಾಕ್ಟೀರಿಯಾ ಕಳಿಸುವ ಸಂಕೇತವೂ ಕೈಟಿನ್ ಜಾತಿಯ ಅಣುವೇ. ಬೇರು ಇವೆರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಇದನ್ನು ಕರುಣೆಯೆನ್ನಲಾರೆ, ರಸಾಯನವೇ ಸರಿ. ಆದರೂ ಬರಿಯ ಕೊಲೆಯ ಕಥೆ ಇದಲ್ಲ.

ಹಾಗಾದರೆ ರೈತ ಶಿಲೀಂಧ್ರನಾಶಕ ಹೊಡೆಯಬಾರದೇ? ಗೃಹಸ್ಥರ ನಡತೆಯನ್ನು ಹೇಳುವ ಜೈನ ಶ್ರಾವಕಾಚಾರ ಅಷ್ಟನ್ನು ಕೇಳುವುದಿಲ್ಲ. ಬೇಸಾಯದಲ್ಲಿ ತಪ್ಪದ ಉದ್ಯಮಿ ಹಿಂಸೆ, ಆತ್ಮರಕ್ಷಣೆಯ ವಿರೋಧಿ ಹಿಂಸೆ ಇವನ್ನು ಆದಷ್ಟು ಕಡಿಮೆ ಮಾಡೆನ್ನುತ್ತದೆ. ಬೇಕೆಂದೇ ಕೊಲ್ಲುವ ಸಂಕಲ್ಪಿ ಹಿಂಸೆಯನ್ನು ಮಾತ್ರ ಪೂರ್ತಿ ಬಿಡಿಸುತ್ತದೆ.