ಮೂರು ಊರಿನ ಲೆಕ್ಕ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ಮಾತು ಮತ್ತೆ ಮತ್ತೆ ಬರುತ್ತಿದೆ: ಕೆನಡಾಕ್ಕೆ ಹೋಗಿಬಿಡೋಣವೇ? ಕಾರಣ ಹೊಸದಲ್ಲ. ಎಚ್-1ಬಿ ವೀಸಾ ಮೂರು ವರ್ಷ, ಮತ್ತೆ ಮೂರು ವರ್ಷ. ಉದ್ಯೋಗದ ಆಧಾರದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1.40 ಲಕ್ಷ, ಅದರಲ್ಲಿ ಯಾವುದೇ ಒಂದು ದೇಶದವರಿಗೆ ಶೇಕಡಾ 7ರ ಮಿತಿ. ಸಾಲು ಮುಂದೆ ಸರಿಯುವುದರೊಳಗೆ ಮಗುವಿಗೆ 21 ತುಂಬಿ, ತಂದೆತಾಯಿಯ ಅರ್ಜಿಯಿಂದ ಅದರ ಹೆಸರು ಕಳಚಿ ಬೀಳುವ ಭಯ ಬೇರೆ. 2023ರ ಜುಲೈ 16ರಂದು ಕೆನಡಾ ಸರ್ಕಾರ ಅಮೆರಿಕದ ಎಚ್-1ಬಿ ಇರುವವರಿಗೆಂದೇ 10,000 ಅರ್ಜಿಗಳ ಮಿತಿ ಹಾಕಿ ಕೆಲಸದ ಪರವಾನಗಿ ತೆರೆದಾಗ ಎರಡೇ ದಿನದಲ್ಲಿ ಆ ಮಿತಿ ತುಂಬಿಹೋಯಿತು. ಆ ಪರವಾನಗಿಯನ್ನು ಯಾವ ಕಂಪನಿಗೂ ಕಟ್ಟಿಹಾಕಿರಲಿಲ್ಲ. ಅಂದರೆ, ವರ್ಷಗಟ್ಟಲೆ ಕಂಪನಿ ಹೇಳಿದ ಊರಿನಲ್ಲಿ ಬಾಳಿದ ಕುಟುಂಬಗಳಿಗೆ ಊರನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಮೊದಲ ಸಲ ಕೈಗೆ ಬಂತು. ಹೋಗಬೇಕೋ ಬೇಡವೋ ಎಂಬುದರ ಬಗ್ಗೆ ನಾವು ತಿಂಗಳುಗಟ್ಟಲೆ ಚರ್ಚಿಸುತ್ತೇವೆ. ಯಾವ ಊರಿಗೆ ಎಂಬುದನ್ನು ಮಾತ್ರ ಒಂದು ಸಂಜೆಯಲ್ಲಿ ಮುಗಿಸುತ್ತೇವೆ. ನನ್ನ ತಕರಾರು ಇರುವುದು ಅಲ್ಲಿ.

ಹೆಚ್ಚಿನವರ ಉತ್ತರ ಟೊರಾಂಟೊ. 2021ರ ಕೆನಡಾ ಜನಗಣತಿಯ ಪ್ರಕಾರ ಆಗಷ್ಟೇ ವಲಸೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 53ರಷ್ಟು ಜನ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್ ಈ ಮೂರೇ ನಗರ ಪ್ರದೇಶಗಳಲ್ಲಿ ಇಳಿದಿದ್ದರು; ಟೊರಾಂಟೊ ಒಂದರಲ್ಲೇ ಹತ್ತಕ್ಕೆ ಸುಮಾರು ಮೂರು ಜನ. ಹೆಸರು ಕೇಳಿದ ಊರು, ನಂಟರೋ ಗೆಳೆಯರೋ ಇರುವ ಊರು, ವಿಮಾನ ಇಳಿಯುವ ಊರು. ಇದು ತಪ್ಪು ಅಂತಲ್ಲ. ಆದರೆ ಇದು ಊರನ್ನು ಅದರ ಹೆಸರಿನಿಂದ ಆರಿಸುವ ಕ್ರಮ. ಊರನ್ನು ಅದರ ಕೆಲಸದಿಂದಲೂ ಅದರ ನೆರೆಯ ಊರುಗಳಿಂದಲೂ ಆರಿಸುವ ಇನ್ನೊಂದು ಕ್ರಮ ಇದೆ. ಅದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳನ್ನು ನೋಡಿದರೆ ಸಾಕು.

ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಹಾವೇರಿಯಿಂದ ರಾಣೆಬೆನ್ನೂರಿಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ನಡುವೆ ಮೋಟೆಬೆನ್ನೂರು, ಅಲ್ಲಿ ತಿರುಗಿದರೆ ಬ್ಯಾಡಗಿ. ಮೂರಕ್ಕೂ ಒಂದೇ ರೈಲು ಹಳಿ. 1997ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಹೊಸ ಜಿಲ್ಲೆ ಮಾಡಿದಾಗ ಜಿಲ್ಲಾ ಕೇಂದ್ರದ ಪಟ್ಟ ಸಿಕ್ಕಿದ್ದು ಹಾವೇರಿಗೆ. ದೊಡ್ಡ ಊರು ಅದಲ್ಲ. 2011ರ ಜನಗಣತಿಯಲ್ಲಿ ರಾಣೆಬೆನ್ನೂರಿನಲ್ಲಿ 1.06 ಲಕ್ಷ ಜನ, ಹಾವೇರಿಯಲ್ಲಿ 67 ಸಾವಿರ, ಬ್ಯಾಡಗಿಯಲ್ಲಿ 30 ಸಾವಿರದ ಆಸುಪಾಸು. ಹಾವೇರಿಗೆ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ, ಜಿಲ್ಲಾ ಆಸ್ಪತ್ರೆ, ಸಂಬಳದ ನೌಕರಿ. ಏಲಕ್ಕಿ ಹಾರದ ಊರು ಎಂಬ ಹೆಸರು ಇವತ್ತಿಗೂ ಉಳಿದಿದೆ, ಆದರೆ ಊರು ನಡೆಯುವುದು ಕಚೇರಿಗಳಿಂದ. ರಾಣೆಬೆನ್ನೂರು ವ್ಯಾಪಾರದ ಊರು. ಅದರ ಸುತ್ತಲ ಹಳ್ಳಿಗಳಲ್ಲಿ ಹೈಬ್ರಿಡ್ ಬೀಜ ಬೆಳೆಸುವುದೇ ಒಂದು ದೊಡ್ಡ ಕಸುಬು. ಹೆಣ್ಣುಮಕ್ಕಳು ಸಂಜೆ ಹತ್ತಿಯ ಮೊಗ್ಗನ್ನು ಉಗುರಿನಿಂದ ಬಿಡಿಸಿ ಅದರ ಗಂಡುಭಾಗ ತೆಗೆದು ಗುರುತು ಇಟ್ಟುಬಂದು, ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವಿನ ಪರಾಗವನ್ನು ಒಂದೊಂದಕ್ಕೂ ಸವರುತ್ತಾರೆ. ಕ್ರಾಸಿಂಗ್ ಎಂದು ಅವರೇ ಕರೆಯುವ ಈ ನಾಜೂಕಿನ ಕೆಲಸದಿಂದ ಬಂದ ಬೀಜ ಪೊಟ್ಟಣ ಸೇರಿ ದೂರದೂರದ ಹೊಲಗಳಿಗೆ ಹೋಗುತ್ತದೆ.

ಬ್ಯಾಡಗಿಯದು ಇನ್ನೂ ಬೇರೆ ಕತೆ. ಸೋಮವಾರ, ಗುರುವಾರ ಮಾರುಕಟ್ಟೆಯ ದಿನ. ಸುಗ್ಗಿಯಲ್ಲಿ ಅಡತಿ ಅಂಗಡಿಗಳ ಮುಂದೆ ಕೆಂಪು ಮೆಣಸಿನಕಾಯಿಯ ರಾಶಿ ಬಿದ್ದಿರುತ್ತದೆ. ಖರೀದಿದಾರ ರಾಶಿಯ ಒಳಗಿಂದ ಒಂದು ಹಿಡಿ ತೆಗೆದು ಹಿಚುಕಿ ತೇವ ಎಷ್ಟಿದೆ ನೋಡುತ್ತಾನೆ, ಒಂದು ಕಾಯಿ ಮುರಿದು ಒಳಗಿನ ಬಣ್ಣ ನೋಡುತ್ತಾನೆ. ಡಬ್ಬಿ ತಳಿಯೋ ಕಡ್ಡಿ ತಳಿಯೋ ಎಂದು ಕೇಳಬೇಕಾಗಿಲ್ಲ, ಕಾಯಿಯ ಸುಕ್ಕೇ ಹೇಳುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಅದು ಬೇಕು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಇಲ್ಲಿಗೆ ಬರುವ ಕಾಯಿಯಲ್ಲಿ ಬಹುಪಾಲು ಬ್ಯಾಡಗಿ ತಾಲ್ಲೂಕಿನಲ್ಲಿ ಬೆಳೆದದ್ದಲ್ಲ. ಗದಗ, ಕೊಪ್ಪಳ, ಬಳ್ಳಾರಿ, ರಾಯಚೂರಿನಿಂದ, ಆಂಧ್ರದಿಂದಲೂ ಲಾರಿ ಬರುತ್ತವೆ. ಊರಿನ ಬಲ ಹೊಲದಲ್ಲಿಲ್ಲ. ತೂಕ, ದರ, ಶೀತಲಗೃಹ, ಕೊಳ್ಳುವವರು, ಇವೆಲ್ಲ ಒಂದೇ ಕಡೆ ಸಿಗುತ್ತವೆ ಎಂಬ ನಂಬಿಕೆಯಲ್ಲಿದೆ.

ಈಗ ಆ ಭಾಗದ ಒಂದು ಸಾಮಾನ್ಯ ಸಂಸಾರವನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ಹಾವೇರಿಯ ಕಚೇರಿಯಲ್ಲಿ ಕೆಲಸ, ಇನ್ನೊಬ್ಬರಿಗೆ ರಾಣೆಬೆನ್ನೂರಿನ ಕಾಲೇಜಿನಲ್ಲಿ, ಮನೆಯ ಹಿರಿಯರದು ಬ್ಯಾಡಗಿಯಲ್ಲಿ ಅಡತಿ. ಮನೆ ಮಾಡುವುದು ಒಂದೇ ಊರಲ್ಲಿ, ಬದುಕು ನಡೆಯುವುದು ಮೂರು ಊರಲ್ಲಿ. ನಾನು ಹೇಳಬೇಕೆಂದಿರುವುದು ಇಷ್ಟೇ: ಇಬ್ಬರು ದುಡಿಯುವ ಕುಟುಂಬ ಆರಿಸಬೇಕಾದ್ದು ಒಂದು ಊರನ್ನಲ್ಲ, ಒಂದಕ್ಕೊಂದು ಆಸರೆಯಾಗುವ ಊರುಗಳ ಗುಂಪನ್ನು. ಕಚೇರಿಯ ಊರು, ವ್ಯಾಪಾರದ ಊರು, ಹೊರಗಿನವರಿಗೆ ಏನನ್ನಾದರೂ ಮಾರುವ ಊರು ಮೂರೂ ಹತ್ತಿರ ಹತ್ತಿರ ಇದ್ದರೆ, ಒಂದರಲ್ಲಿ ಮನೆ ಮಾಡಿ ಮೂರರ ಅನ್ನ ತಿನ್ನಬಹುದು. ಮೂರೂ ಒಂದೇ ಮಹಾನಗರದೊಳಗೆ ಬೇಕೆಂದರೆ ಅದಕ್ಕೆ ಬಾಡಿಗೆಯ ರೂಪದಲ್ಲಿ ತಿಂಗಳು ತಿಂಗಳು ಬೆಲೆ ತೆರಬೇಕು.

ಕೆನಡಾದಲ್ಲಿ ಇಂಥ ಗುಂಪು ಇಲ್ಲವೇ? ಇದೆ. ಟೊರಾಂಟೊದಿಂದ ಪಶ್ಚಿಮಕ್ಕೆ ಸುಮಾರು 110 ಕಿಲೋಮೀಟರಿನಲ್ಲಿ ವಾಟರ್ಲೂ, ಕಿಚನರ್, ಕೇಂಬ್ರಿಜ್ ಒಂದಕ್ಕೊಂದು ಅಂಟಿಕೊಂಡಿವೆ. ವಾಟರ್ಲೂ ವಿಶ್ವವಿದ್ಯಾಲಯದ ಊರು, ಸಾಫ್ಟ್‌ವೇರ್ ಊರು. 2021ರಲ್ಲಿ ಅಲ್ಲಿ 1.21 ಲಕ್ಷ ಜನ. ಕಿಚನರ್ ಮೂರರಲ್ಲಿ ದೊಡ್ಡದು, 2.57 ಲಕ್ಷ, ಒಂದು ಕಾಲಕ್ಕೆ ಅದರ ಹೆಸರು ಬರ್ಲಿನ್, 1916ರಲ್ಲಿ ಯುದ್ಧದ ಕಾವಿನಲ್ಲಿ ಬದಲಾಯಿತು. ಕೇಂಬ್ರಿಜ್ 1973ರಲ್ಲಿ ಗಾಲ್ಟ್, ಪ್ರೆಸ್ಟನ್, ಹೆಸ್ಪೆಲರ್ ಎಂಬ ಊರುಗಳನ್ನು ಕೂಡಿಸಿ ಆದದ್ದು. ಅಲ್ಲಿ 1988ರಿಂದ ಟೊಯೊಟಾ ಕಾರು ಕಾರ್ಖಾನೆ ನಡೆಯುತ್ತಿದೆ. ನಮ್ಮ ಹೆದ್ದಾರಿಯ ಹಾಗೆ ಅಲ್ಲಿ 401. ಬ್ರಾಂಪ್ಟನ್ ಮೇಲೆ ಹಾದು ಟೊರಾಂಟೊಗೆ ಹೋಗುವ ಗೋ ರೈಲು ಕಿಚನರ್‌ನಲ್ಲಿ ಸಿಗುತ್ತದೆ. 2019ರಲ್ಲಿ ವಾಟರ್ಲೂ-ಕಿಚನರ್ ನಡುವೆ ಅಯಾನ್ ಎಂಬ ಲಘು ರೈಲು ಓಡಲು ಶುರುವಾಯಿತು. ಕೇಂಬ್ರಿಜ್‌ಗೆ ಮಾತ್ರ ಇಳಿದು ಬಸ್ಸು ಹಿಡಿಯಬೇಕು. ಮೋಟೆಬೆನ್ನೂರಿನಲ್ಲಿ ಇಳಿದು ಬ್ಯಾಡಗಿಗೆ ಹೋಗುವವರಿಗೆ ಇದು ಅಪರಿಚಿತ ಅನ್ನಿಸದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಸಣ್ಣ ಊರು ಒಂದು ಕಸುಬಿನ ಮೇಲೆ ನಿಂತಿರುತ್ತದೆ. ಆ ಕಸುಬು ಬಿದ್ದರೆ ಊರೂ ಬೀಳುತ್ತದೆ. ಇದು ನಿಜ, ಬ್ಯಾಡಗಿಯೇ ಸಾಕ್ಷಿ. 2024ರ ಮಾರ್ಚ್ 11ರ ಸೋಮವಾರ ಮೆಣಸಿನಕಾಯಿ ದರ ಕುಸಿದಾಗ ರೈತರ ಸಿಟ್ಟು ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿಯಾಗಿ ಹಬ್ಬಿತು. ವರ್ಷವಿಡೀ ದುಡಿದ ಬೆಳೆ ರಾಶಿಯಲ್ಲಿ ಬಿದ್ದಿರುವಾಗ ದರ ಕೈಬಿಟ್ಟರೆ ಆಗುವ ಸಂಕಟ ಅದು. ಅದನ್ನು ಬರೀ ದೊಂಬಿ ಎಂದು ನೋಡುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ಸರಕಿನ ಊರಿನಲ್ಲಿ ಹೀಗಾದರೆ ಹಮಾಲರಿಂದ ಹಿಡಿದು ಖಾನಾವಳಿಯವರೆಗೆ ಎಲ್ಲರಿಗೂ ಪೆಟ್ಟು. ಕೆನಡಾದಲ್ಲೂ ಇದರ ಉದಾಹರಣೆ ಇದೆ: ತೈಲದ ಮೇಲೆ ಬೆಳೆದ ಆಲ್ಬರ್ಟಾದ ಫೋರ್ಟ್ ಮೆಕ್‌ಮರ್ರಿ 2014ರ ನಂತರ ತೈಲದ ಬೆಲೆ ಇಳಿದಾಗ ಸೊರಗಿತು, 2016ರ ಕಾಳ್ಗಿಚ್ಚು ಅದರ ಮೇಲೆ ಬಂತು. ಆದರೆ ಈ ಆಕ್ಷೇಪ ಒಂಟಿ ಊರಿಗೆ ಸಲ್ಲುತ್ತದೆ, ಊರುಗಳ ಗುಂಪಿಗೆ ಅಷ್ಟು ಸಲ್ಲದು. ವಾಟರ್ಲೂ ಒಂದು ಕಾಲಕ್ಕೆ ಬ್ಲ್ಯಾಕ್‌ಬೆರಿ ಮೊಬೈಲ್ ಕಂಪನಿಯ ಊರು. 2013ರಲ್ಲಿ ಆ ಕಂಪನಿ ಜಗತ್ತಿನಾದ್ಯಂತ 4,500 ಜನರನ್ನು ತೆಗೆಯುವುದಾಗಿ ಹೇಳಿದಾಗ ಊರು ಮುಗಿದೇಹೋಯಿತು ಎಂದವರು ಬಹಳ. ಮುಗಿಯಲಿಲ್ಲ. ವಿಶ್ವವಿದ್ಯಾಲಯ ಅಲ್ಲೇ ಇತ್ತು, ಕಿಚನರ್‌ನ ಹಳೆಯ ಕಾರ್ಖಾನೆ ಕಟ್ಟಡಗಳಿಗೆ ಹೊಸ ಕಂಪನಿಗಳು ಬಂದವು, ಕೇಂಬ್ರಿಜ್‌ನ ಕಾರು ಕಾರ್ಖಾನೆಗೂ ಮೊಬೈಲಿಗೂ ಸಂಬಂಧವೇ ಇರಲಿಲ್ಲ. ಕೆಲಸ ಕಳೆದುಕೊಂಡ ಮನೆಗೆ ಊರು ಬಿಡದೆ ಇನ್ನೊಂದು ಬಾಗಿಲು ತಟ್ಟುವ ಅವಕಾಶ ಇತ್ತು.

ಎರಡನೆಯ ಆಕ್ಷೇಪ ನಮ್ಮವರದೇ, ಮತ್ತು ಅದರಲ್ಲಿ ನೋವಿದೆ. ಅಲ್ಲಿ ಕನ್ನಡದವರು ಎಷ್ಟು ಮಂದಿ? ಗುಡಿ ಎಲ್ಲಿ? ಮಗುವಿಗೆ ಕನ್ನಡ ಕಲಿಸುವವರು ಯಾರು? ಕನ್ನಡ ಸಂಘದ ಸಂಚಿಕೆಯಲ್ಲಿ ಬರೆಯುತ್ತಾ ಈ ಪ್ರಶ್ನೆಯನ್ನು ನಾನು ಹಗುರ ಮಾಡಲಾರೆ. ಭಾಷೆ ಉಳಿಯಲು ಜನ ಬೇಕು. ಟೊರಾಂಟೊದಿಂದ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರ್ ದೂರದ ಥಂಡರ್ ಬೇ ಒಳ್ಳೆಯ ಊರೇ. 2019ರಲ್ಲಿ ಸಣ್ಣ ಊರುಗಳಿಗೆ ವಲಸಿಗರನ್ನು ಕರೆಯಲು ಕೆನಡಾ ಆರಿಸಿದ 11 ಕಡೆಗಳಲ್ಲಿ ಅದೂ ಒಂದು. ಆದರೆ ರಾಜ್ಯೋತ್ಸವಕ್ಕೆ ಅಲ್ಲಿಂದ ಟೊರಾಂಟೊಗೆ ಬಂದು ಹೋಗಲಾಗದು, ಕನ್ನಡದ ಮಾತಿಗೆ ಹಾತೊರೆಯುವ ಮನೆಯನ್ನು ಅಲ್ಲಿಗೆ ಹೋಗಿ ಎಂದು ನಾನು ಹೇಳುವುದೂ ಇಲ್ಲ. ಹಾಗೆಂದು ಕನ್ನಡಕ್ಕಾಗಿ ಟೊರಾಂಟೊದ ನಡುಮಧ್ಯದಲ್ಲೇ ಇರಬೇಕಾಗಿಲ್ಲ. ಸಂಘದ ಯುಗಾದಿ, ರಾಜ್ಯೋತ್ಸವ, ಮಕ್ಕಳ ನಾಟಕ ವರ್ಷಕ್ಕೆ ಕೆಲವು ದಿನ; ಅದಕ್ಕೆ 110 ಕಿಲೋಮೀಟರ್ ದೊಡ್ಡ ಮಾತಲ್ಲ. ದೊಡ್ಡ ಕಾಯಿಲೆ ಬಂದರೆ ಹಾವೇರಿಯವರು ಹುಬ್ಬಳ್ಳಿಗೆ, ರಾಣೆಬೆನ್ನೂರಿನವರು ದಾವಣಗೆರೆಗೆ ಹೋಗುವುದು ರೂಢಿ. ಅದಕ್ಕಾಗಿ ಯಾರೂ ಆಸ್ಪತ್ರೆಯ ಪಕ್ಕ ಮನೆ ಮಾಡಲಿಲ್ಲ. ದಿನಾ ಬೇಕಾದದ್ದು ಕೈಯಳತೆಯಲ್ಲಿ, ಅಪರೂಪಕ್ಕೆ ಬೇಕಾದದ್ದು ಒಂದು ಪ್ರಯಾಣದ ದೂರದಲ್ಲಿ. ಮಗುವಿನ ಕನ್ನಡ ಮಾತ್ರ ಈ ಎರಡಕ್ಕೂ ಸೇರದು, ಅದು ಮನೆಯೊಳಗಿನ ಮಾತು; ಟೊರಾಂಟೊದಲ್ಲೇ ಇದ್ದರೂ ಊಟದ ಮುಂದೆ ಇಂಗ್ಲಿಷ್ ಆಡುವ ಮನೆಯಲ್ಲಿ ಅದು ಉಳಿಯದು.

ಮೂರನೆಯದು ಲೆಕ್ಕದ ಮಾತು, ಅಮೆರಿಕದಿಂದ ಹೋಗುವವರು ಇದರಲ್ಲೇ ಹೆಚ್ಚು ಎಡವುತ್ತಾರೆ. ಮೊದಲು ಟೊರಾಂಟೊದಲ್ಲಿ ಇಳಿಯೋಣ, ಸಾಲ ಮಾಡಿಯಾದರೂ ಮನೆ ತೊಗೊಳ್ಳೋಣ, ಬೆಲೆ ಏರುತ್ತಲೇ ಇರುತ್ತದಲ್ಲ ಎಂಬ ವಾದ ಅದು. ಅಮೆರಿಕದಲ್ಲಿ 30 ವರ್ಷಕ್ಕೆ ಒಂದೇ ಬಡ್ಡಿಯ ಗೃಹಸಾಲ ಸಾಮಾನ್ಯ. ಕೆನಡಾದಲ್ಲಿ ಹಾಗಲ್ಲ, ಸಾಲದ ಒಟ್ಟು ಅವಧಿ 25 ವರ್ಷ ಇದ್ದರೂ ಬಡ್ಡಿಯ ಕರಾರು ಸಾಮಾನ್ಯವಾಗಿ 5 ವರ್ಷದ್ದು. ಐದು ವರ್ಷಕ್ಕೊಮ್ಮೆ ಆಗಿನ ದರಕ್ಕೆ ಮತ್ತೆ ಸಹಿ ಹಾಕಬೇಕು. 2022ರ ಮಾರ್ಚ್‌ಗೆ ಮುಂಚೆ ಬ್ಯಾಂಕ್ ಆಫ್ ಕೆನಡಾದ ಮೂಲ ದರ ಶೇಕಡಾ 0.25 ಇತ್ತು, 2023ರ ಜುಲೈ ಹೊತ್ತಿಗೆ ಶೇಕಡಾ 5. ಕಡಿಮೆ ಬಡ್ಡಿಯ ದಿನಗಳಲ್ಲಿ ದೊಡ್ಡ ಸಾಲ ಮಾಡಿದವರಿಗೆ ಕರಾರು ಮುಗಿದಾಗ ಅದೇ ಮನೆ, ಅದೇ ಸಂಬಳ, ಬೇರೆಯೇ ಕಂತು. ಇಲ್ಲಿ ಕುಟುಂಬವನ್ನು ಹಿಡಿದು ನಿಲ್ಲಿಸುವುದು ಎರಡನೆಯ ಸಂಬಳ. ಅಮೆರಿಕದಲ್ಲಿ ಸಂಗಾತಿಗೆ ಕೊಡುವ ಎಚ್-4 ವೀಸಾದ ಮೇಲೆ ವರ್ಷಗಟ್ಟಲೆ ಮನೆಯಲ್ಲಿ ಕುಳಿತ ಎಷ್ಟೋ ಹೆಣ್ಣುಮಕ್ಕಳು ನಮ್ಮಲ್ಲಿದ್ದಾರೆ: ಡಾಕ್ಟರು, ಎಂಜಿನಿಯರು, ಶಿಕ್ಷಕಿಯರು. 2023ರ ಆ ಯೋಜನೆಯಲ್ಲಿ ಸಂಗಾತಿಗೂ ಕೆಲಸದ ಪರವಾನಗಿಗೆ ಅವಕಾಶವಿತ್ತು. ಆದ್ದರಿಂದ ಊರನ್ನು ಅಳೆಯುವಾಗ ಮೊದಲು ನೋಡಬೇಕಾದ್ದು ಗಂಡನ ಕಂಪನಿಯ ವಿಳಾಸವನ್ನಲ್ಲ, ಹೆಂಡತಿಯ ಓದಿಗೆ ಅಲ್ಲಿ ಏನಿದೆ ಎಂಬುದನ್ನು. ವೈದ್ಯರ, ಶಿಕ್ಷಕರ, ಎಂಜಿನಿಯರರ ಪರವಾನಗಿ ಕೆನಡಾದಲ್ಲಿ ಆಯಾ ಪ್ರಾಂತ್ಯದ ಕೈಯಲ್ಲಿದೆ. ಆರೋಗ್ಯ ಕಾರ್ಡೂ ಪ್ರಾಂತ್ಯದ್ದು. ಕಾಯಂ ನೆಲೆಯ ಅರ್ಜಿಗೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕದ ಪದ್ಧತಿಯಲ್ಲಿ 600 ಅಂಕ ತರುವ ನಾಮನಿರ್ದೇಶನ ಕೊಡುವುದೂ ಪ್ರಾಂತ್ಯವೇ. ಊರು ಆರಿಸಿದೆ ಎಂದರೆ ಪ್ರಾಂತ್ಯದ ಈ ನಿಯಮಗಳನ್ನೂ ಆರಿಸಿದಂತೆ.

ಹಾವೇರಿಯನ್ನು ಒಂಟಾರಿಯೊಗೆ ಹೋಲಿಸುವುದೇ ಸರಿಯೇ ಎಂದು ಕೇಳುವವರಿದ್ದಾರೆ. ಅಲ್ಲಿ ಹಿಮ, ಇಲ್ಲಿ ಬಿಸಿಲು. ಅಲ್ಲಿ ಕಾರಿಲ್ಲದೆ ಹೆಜ್ಜೆ ಇಡಲಾಗದು, ಇಲ್ಲಿ ಹೆದ್ದಾರಿಯಲ್ಲಿ ನಿಂತರೆ ವಾಯವ್ಯ ಸಾರಿಗೆಯ ಬಸ್ಸು ಸಿಗುತ್ತದೆ. ಅಳತೆ ಬೇರೆ ಎಂಬುದನ್ನು ಒಪ್ಪುತ್ತೇನೆ. ಆದರೆ ಜಿಲ್ಲಾ ಕೇಂದ್ರವಾಗದೆಯೂ ರಾಣೆಬೆನ್ನೂರು ಬೆಳೆದದ್ದು, ಹೆದ್ದಾರಿಯಿಂದ ಒಳಗಿದ್ದೂ ಬ್ಯಾಡಗಿ ಮಾರುಕಟ್ಟೆ ಹೆಸರು ಮಾಡಿದ್ದು, ದೊಡ್ಡದಲ್ಲದಿದ್ದರೂ ಹಾವೇರಿ ಜಿಲ್ಲೆಯ ತಲೆಯಾದದ್ದು, ಈ ಮೂರನ್ನೂ ನಕ್ಷೆಯ ಮೇಲಿನ ಚುಕ್ಕೆಯ ಗಾತ್ರ ನೋಡಿ ಯಾರೂ ಊಹಿಸಲಾರರು. ಅದೇ ಕುರುಡುತನ ನಕ್ಷೆಯಲ್ಲಿ ಟೊರಾಂಟೊ ಒಂದನ್ನೇ ನೋಡುವ ನಮ್ಮ ಕಣ್ಣಲ್ಲೂ ಇದೆ.

ಹೋಗುವ ಮುನ್ನ ಊರು ನೋಡಿ ಬರುವವರು ಸಾಮಾನ್ಯವಾಗಿ ಜುಲೈನಲ್ಲಿ ಹೋಗುತ್ತಾರೆ, ಮಕ್ಕಳಿಗೆ ರಜೆ ಎಂದು. ಜುಲೈನಲ್ಲಿ ಕಿಚನರ್ ಹಸಿರಾಗಿ, ಬೆಚ್ಚಗೆ, ರಾತ್ರಿ ಒಂಬತ್ತರವರೆಗೂ ಬೆಳಕಾಗಿ ಇರುತ್ತದೆ. ಹಾಗೆ ನೋಡುವುದು ಬ್ಯಾಡಗಿಯನ್ನು ಸುಗ್ಗಿಯ ಸೋಮವಾರದಂದು ಮಾತ್ರ ನೋಡಿದ ಹಾಗೆ. ಫೆಬ್ರುವರಿಯ ಒಂದು ಮಂಗಳವಾರ ಬೆಳಿಗ್ಗೆ ಏಳಕ್ಕೆ ಹೋಗಿ. ವಾಟರ್ಲೂದಲ್ಲಿ ಅಯಾನ್ ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದು, ಹಿಮದಲ್ಲಿ ನಿಂತು ಕೇಂಬ್ರಿಜ್ ಬಸ್ಸಿಗೆ ಕಾಯಿರಿ. ಗಂಡ ಹೆಂಡತಿ ಇಬ್ಬರೂ ಕಾಯಿರಿ, ಏಕೆಂದರೆ ನಾಳೆ ಆ ಬಸ್ಸು ಹತ್ತಬೇಕಾದವರು ಇಬ್ಬರಲ್ಲಿ ಯಾರು ಎಂದು ಇವತ್ತೇ ಹೇಳಲಾಗದು.