ಕರಗುವ ತಂತಿಯ ಧರ್ಮ

ಕೆಲವು ತಿಂಗಳ ಕೆಳಗೆ ನಮ್ಮ ಸಂಘದ ಕೂಟವೊಂದರಲ್ಲಿ ತ್ಯಾಗವೆಂಬ ವಿಷಯವಾಗಿ ಮಾತನಾಡಿದ ಮಿತ್ರರೊಬ್ಬರು, ದಧೀಚಿ ಮಹರ್ಷಿಯಿಂದ ಮೊದಲುಗೊಂಡು ನಮ್ಮ ಪುಣ್ಯಕೋಟಿಯವರೆಗೆ ಹಲವು ನಿದರ್ಶನಗಳನ್ನು ಕೊಟ್ಟು, ಕಡೆಯಲ್ಲಿ ಗೋಡೆಯ ಮೇಲಿದ್ದ ವಿದ್ಯುತ್ತಿನ ಪೆಟ್ಟಿಗೆಯ ಕಡೆಗೆ ಕೈತೋರಿಸಿ, “ಅದರೊಳಗಿರುವ ಫ್ಯೂಸುತಂತಿಗಿಂತ ದೊಡ್ಡ ತ್ಯಾಗಿ ಯಾರು? ತಾನು ಕರಗಿ ಮನೆಯನ್ನುಳಿಸುತ್ತದೆ” ಎಂದರು. ಸಭಿಕರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆನು. ಆದರೆ ಹಲಸೂರಿನ ಮನೆಗೆ ಹಿಂದಿರುಗುವಾಗ ಆ ಮಾತು ನನ್ನನ್ನು ಬಿಡದೆ ಕಾಡಿತು. ಆ ತಂತಿಯ ಲೆಕ್ಕಾಚಾರದಲ್ಲಿಯೇ ಮೂವತ್ತು ವರ್ಷದ ಉದ್ಯೋಗವನ್ನು ಕಳೆದವನಾದ್ದರಿಂದ ಅದರ ಹೊಗಳಿಕೆ ನನಗೆ ಸಂತೋಷವನ್ನುಂಟುಮಾಡಬೇಕಾಗಿತ್ತು; ಏಕೋ ಮಾಡಲಿಲ್ಲ.

ದಧೀಚಿಯನ್ನು ದೇವತೆಗಳು ಬಂದು ಬೇಡಿದರು. ಆತನು ಕೊಡಲಾರೆನೆಂದಿದ್ದರೆ ಅವರು ಹಿಂದಿರುಗಬೇಕಾಗಿತ್ತು. ಪುಣ್ಯಕೋಟಿಯೂ ಕರುವಿಗೆ ಹಾಲೂಡಿಸಿ ದೊಡ್ಡಿಯಲ್ಲಿಯೇ ಉಳಿಯಬಹುದಾಗಿತ್ತು. ಹುಲಿ ಅಲ್ಲಿಗೆ ಬರುತ್ತಿರಲಿಲ್ಲ. ಒಲ್ಲೆನೆನ್ನಬಲ್ಲವರು ಒಪ್ಪಿದಾಗ ಅದಕ್ಕೆ ತ್ಯಾಗವೆಂಬ ಹೆಸರು ಸಲ್ಲುತ್ತದೆ. ತಂತಿಗೆ ಒಲ್ಲೆನೆನ್ನುವ ಶಕ್ತಿ ಎಲ್ಲಿದೆ? ಅದಕ್ಕೆ ಕಾವು ಹತ್ತಿತು, ಕರಗಿತು. ಬೆಣ್ಣೆಯೂ ಕರಗುತ್ತದೆ, ಬೆಣ್ಣೆಯನ್ನು ತ್ಯಾಗಿಯೆಂದು ಯಾರೂ ಕರೆದುದಿಲ್ಲ.

ಹಾಗಾದರೆ ಅಲ್ಲಿ ಧರ್ಮಾಧರ್ಮದ ಪ್ರಶ್ನೆಯೇ ಇಲ್ಲವೆ ಎಂದು ವಾಚಕರು ಕೇಳಬಹುದು. ಇದೆ, ಅದು ತಂತಿಯ ಹಿಂದೆ ನಿಂತಿರುವವರಲ್ಲಿದೆ. ಇದನ್ನು ತಿಳಿಯುವುದಕ್ಕೆ ನಮ್ಮ ನಾಡಿನ ಕೆರೆಗಳನ್ನು ನೋಡಿದರೆ ಸಾಕು. ಕೆರೆಯನ್ನು ಕಟ್ಟಿಸಿದ ಹಿರಿಯರು ಏರಿಯನ್ನು ಎಷ್ಟೇ ಗಟ್ಟಿಯಾಗಿ ಹಾಕಿಸಿದರೂ ಒಂದು ಕಡೆಯಲ್ಲಿ ಅದಕ್ಕಿಂತ ತಗ್ಗಾದ ಕೋಡಿಯನ್ನು ಬಿಡದೆ ಇರುತ್ತಿರಲಿಲ್ಲ. ನೀರು ಮಿತಿಮೀರಿದರೆ ಎಲ್ಲಿ ಹರಿಯಬೇಕೆಂಬುದನ್ನು ಮಳೆ ಬರುವುದಕ್ಕೆ ಮೊದಲೇ, ಮನಸ್ಸು ತಿಳಿಯಾಗಿರುವಾಗಲೇ, ಗೊತ್ತುಮಾಡಿದ್ದರು. ಇನ್ನೊಂದು ಮೊಳ ನೀರು ನಿಲ್ಲಲೆಂದು ಆಸೆಪಟ್ಟು ಕೋಡಿಗೆ ಮಣ್ಣೇರಿಸುವವನು ಏರಿಯನ್ನು ಒಡೆಯುವವನೇ ಸರಿ. ಒಡೆಯುವುದು ಅಂದೇ ಅಲ್ಲದಿರಬಹುದು. ಫ್ಯೂಸೆಂದರೆ ವಿದ್ಯುತ್ತಿನ ಕೋಡಿ. ಎಲ್ಲವನ್ನೂ ಬಲವಾಗಿ ಮಾಡಿ, ಒಂದೇ ಒಂದು ಸ್ಥಳವನ್ನು ಬೇಕೆಂದು ಬಡಕಲಾಗಿ ಇಡುವುದು ಅದರ ತತ್ತ್ವ. ಎಡಿಸನ್ನನು ೧೮೯೦ರಲ್ಲಿ ಇದಕ್ಕೆ ಪೇಟೆಂಟು ಪಡೆದನು. ಅಂದಿನಿಂದ ಸಾಮಗ್ರಿಗಳು ಬದಲಾಗಿವೆ, ತತ್ತ್ವ ಬದಲಾಗಿಲ್ಲ.

೨೩೦ ವೋಲ್ಟಿನ ಮನೆಯ ಫ್ಯೂಸಿನಲ್ಲಿ ತಂತಿ ಕರಗಿದರೆ ಕೆಲಸ ಬಹುಮಟ್ಟಿಗೆ ಮುಗಿದಂತೆ. ಬೀದಿಯ ಮೇಲಣ ೧೧,೦೦೦ ವೋಲ್ಟಿನ ಮಾರ್ಗದಲ್ಲಿ ಕರಗುವುದು ಕೆಲಸದ ಆರಂಭ ಮಾತ್ರ. ಲೋಹವು ಆವಿಯಾದ ಎಡೆಯಲ್ಲಿ ಉರಿಯ ಕಮಾನೊಂದು ಹುಟ್ಟಿ, ಗಾಳಿಯೇ ತಂತಿಯಾಗಿ, ಪ್ರವಾಹವು ಮೊದಲಿನಂತೆಯೇ ಹರಿಯುತ್ತದೆ. ಇದಕ್ಕೆ ಆರ್ಕ್ ಎಂದು ಹೆಸರು. ಇದನ್ನು ಆರಿಸುವ ಬಗೆ ಹೇಗೆಂಬುದೇ ಈ ಶಾಸ್ತ್ರದ ಮುಕ್ಕಾಲು ಪಾಲು. ಪಿಂಗಾಣಿಯ ಕೊಳವೆಯೊಳಗೆ ಬೆಳ್ಳಿಯ ತೆಳುಪಟ್ಟಿಯನ್ನು ಸುರುಳಿಯಾಗಿ ಸುತ್ತಿ, ಅದನ್ನು ಅಲ್ಲಲ್ಲಿ ಕಿರಿದುಮಾಡಿ, ಸುತ್ತಲೂ ಶುದ್ಧವಾದ ಬೆಣಚುಕಲ್ಲಿನ ಮರಳನ್ನು ಒತ್ತಿ ತುಂಬುವರು. ದೋಷದ ಪ್ರವಾಹ ನುಗ್ಗಿದೊಡನೆಯೇ ಕಿರಿದಾದ ಎಡೆಗಳೆಲ್ಲವೂ ಒಮ್ಮೆಗೇ ಕರಗಿ, ಒಂದು ದೊಡ್ಡ ಆರ್ಕಿಗೆ ಬದಲಾಗಿ ಹಲವು ಚಿಕ್ಕ ಆರ್ಕುಗಳು ಸಾಲಾಗಿ ಏಳುತ್ತವೆ. ಅವುಗಳ ಕಾವನ್ನು ಮರಳು ಹೀರಿಕೊಂಡು ತಾನೂ ಕರಗಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ನಮ್ಮ ದೇಶದ ಪ್ರವಾಹದ ಆವರ್ತಗಳು ಸೆಕೆಂಡಿಗೆ ೫೦. ಅರ್ಧ ಆವರ್ತವೆಂದರೆ ಸೆಕೆಂಡಿನ ನೂರರಲ್ಲೊಂದು ಪಾಲು. ಇಂಥ ಒಳ್ಳೆಯ ಫ್ಯೂಸು ಭಾರಿಯ ದೋಷವನ್ನು ಅಷ್ಟರೊಳಗೆ, ಪ್ರವಾಹವು ತನ್ನ ಶಿಖರವನ್ನು ಮುಟ್ಟುವುದಕ್ಕೆ ಮುಂಚೆಯೇ, ಅಡಗಿಸಿಬಿಡುತ್ತದೆ. ತಡವಾದರೆ ಕೊಳವೆ ಸಿಡಿಯುತ್ತದೆ. ತೀರ ಥಟ್ಟನೆ ಕಡಿದರೂ ಕೇಡೇ. ವೋಲ್ಟೇಜು ಮೇಲಕ್ಕೆ ನೆಗೆದು ಮಾರ್ಗದಲ್ಲಿ ಮತ್ತೆಲ್ಲಿಯೋ ದೋಷವನ್ನುಂಟುಮಾಡಬಹುದು.

ವಿಚಿತ್ರವೇನೆಂದರೆ, ದೊಡ್ಡ ದೋಷಕ್ಕಿಂತ ಚಿಕ್ಕ ದೋಷವೇ ಹೆಚ್ಚು ತೊಡಕಿನದು. ಸ್ವಲ್ಪವೇ ಮಿತಿಮೀರಿದ ಪ್ರವಾಹದಲ್ಲಿ ಬೆಳ್ಳಿಯು ಬಹಳ ಹೊತ್ತು ಕಾದು, ಎಲ್ಲಿಯೋ ಒಂದು ಕಡೆ ಮಾತ್ರ ಕರಗಿ, ಆರ್ಕನ್ನು ಆರಿಸಲಾರದೆ ತಾನೇ ಅಪಾಯವಾಗಿಬಿಡಬಹುದು. ಬೆಳ್ಳಿ ಕರಗಬೇಕಾದರೆ ೯೬೨ ಡಿಗ್ರಿ ಸೆಂಟಿಗ್ರೇಡಿನ ಕಾವು ಬೇಕು; ತವರಕ್ಕೆ ೨೩೨ ಸಾಕು. ಬೆಳ್ಳಿಯ ಪಟ್ಟಿಯ ಮೇಲೆ ತವರದ ಬೊಟ್ಟೊಂದನ್ನಿಟ್ಟರೆ, ತವರವು ಮೊದಲು ಕರಗಿ ತನ್ನೊಳಗೆ ಬೆಳ್ಳಿಯನ್ನೂ ಕರಗಿಸಿಕೊಳ್ಳುತ್ತದೆಂಬುದನ್ನು ಮೆಟ್‌ಕಾಫ್ ಎಂಬ ಆಂಗ್ಲ ಎಂಜಿನಿಯರನು ೧೯೩೯ರಲ್ಲಿ ವಿವರಿಸಿದನು. ಹಣೆಗಿಡುವ ಬೊಟ್ಟಿನಷ್ಟು ತವರ! ಇದನ್ನು ಮೊದಲು ಓದಿದ ದಿನ ನನಗಾದ ಸಂತೋಷವನ್ನು ಇಂದಿಗೂ ಮರೆತಿಲ್ಲ. ಅಷ್ಟಾದರೂ ಕೆಲವು ಬಗೆಯ ಫ್ಯೂಸುಗಳಿಗೆ ಒಂದು ಕನಿಷ್ಠ ಮಿತಿಯುಂಟು. ಅದಕ್ಕಿಂತ ಕೆಳಗಿನ ದೋಷವನ್ನು ಬೇರೊಂದು ಸಾಧನವೇ ನೋಡಿಕೊಳ್ಳಬೇಕು. ಇದನ್ನು ಬಚ್ಚಿಡದೆ ಕೊಂಡವನಿಗೆ ಹೇಳುವುದು ರಚಿಸಿದವನ ಧರ್ಮ.

ಇನ್ನೊಂದು ಸಂಗತಿಯನ್ನು ಹೇಳಬೇಕು. ಫ್ಯೂಸನ್ನು ಪರೀಕ್ಷಿಸುವುದೆಂದರೆ ಅದನ್ನು ಸುಡುವುದು. ೧೯೬೦ರಲ್ಲಿ ಸ್ಥಾಪಿತವಾಗಿ ನಮ್ಮ ಬೆಂಗಳೂರಿನಲ್ಲಿಯೇ ನಡೆಯುತ್ತಿರುವ ಕೇಂದ್ರ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ವಿದ್ಯುತ್ಸಾಮಗ್ರಿಗಳನ್ನು ಇಂಥ ಮಹಾಪ್ರವಾಹಗಳಿಗೆ ಒಡ್ಡಿ ನೋಡುತ್ತಾರೆ. ಉರಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಫ್ಯೂಸು ಮತ್ತೆ ಕೆಲಸಕ್ಕೆ ಬಾರದು; ಕೆಲಸಕ್ಕೆ ಹಾಕುವುದು ಆ ಪರೀಕ್ಷೆಯನ್ನು ಎಂದೂ ಕಾಣದುದು. ಅದರ ಒಡಹುಟ್ಟಿದವು ಉರಿದು ಸಾಕ್ಷ್ಯ ಹೇಳಿರುವುದರಿಂದ ಇದನ್ನೂ ನಂಬುತ್ತೇವೆ. ಮರಳನ್ನು ಸಡಿಲವಾಗಿ ತುಂಬಿ ಕೊಳವೆಯ ಬಾಯಿಯನ್ನು ಮುಚ್ಚಿಬಿಟ್ಟರೆ ಹತ್ತು ವರ್ಷ ಯಾರಿಗೂ ತಿಳಿಯದೆ ಹೋಗಬಹುದು. ಯಾರೂ ನೋಡದ ಕಡೆ ಮರಳನ್ನು ಸರಿಯಾಗಿ ಒತ್ತಿದ ಕೈಯನ್ನು ನಮ್ಮ ಮಿತ್ರರು ಹೊಗಳಿದ್ದರೆ ನಾನು ಇನ್ನೂ ಗಟ್ಟಿಯಾಗಿ ಚಪ್ಪಾಳೆ ತಟ್ಟುತ್ತಿದ್ದೆನು.

ಇಷ್ಟು ಶಾಸ್ತ್ರ ಸಾಕು. ಈಗ ನನ್ನ ಮನಸ್ಸಿನಲ್ಲಿ ಬಹುಕಾಲದಿಂದ ಕುಳಿತಿರುವ ಸಂಗತಿಗೆ ಬರುತ್ತೇನೆ.

ನಮ್ಮ ಸೀಮೆಗೆ ವಿದ್ಯುತ್ತು ಹೊಸದಲ್ಲ. ೧೯೦೨ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿ ದೂರ ತಂತಿ ಎಳೆದರು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ದಂಡಿನ ಕಡೆಯವರಾದ ನಾವು ೧೯೪೭ರವರೆಗೂ ಬೇರೆ ಆಡಳಿತದಲ್ಲಿದ್ದೆವಾದರೂ ಆಮೇಲೆ ಪೂರ್ವದಿಕ್ಕೇ ವಿದ್ಯುತ್ತಿನ ಕೆಲಸಗಾರರ ನೆಲೆಯಾಯಿತು. ಬೈಯಪ್ಪನಹಳ್ಳಿಯ ಹತ್ತಿರ ಎನ್.ಜಿ.ಇ.ಎಫ್. ಕಾರ್ಖಾನೆಯಲ್ಲಿ ಟ್ರಾನ್ಸ್‌ಫಾರ್ಮರುಗಳೂ ಮೋಟಾರುಗಳೂ ತಯಾರಾಗುತ್ತಿದ್ದುವು. ಈಗ ಅದು ಮುಚ್ಚಿಹೋಗಿದೆ. ಹೀಗೆ ನಮ್ಮ ಬೀದಿಯಲ್ಲಿ ಫ್ಯೂಸೆಂದರೇನೆಂದು ತಿಳಿಯದವರು ಅಪರೂಪವಾಗಿದ್ದರು. ಇದನ್ನು ಏಕೆ ಹೇಳುತ್ತೇನೆಂದರೆ, ಮುಂದೆ ನಾವು ಮಾಡಿದ ಕೆಲಸಕ್ಕೆ ಅಜ್ಞಾನವನ್ನು ನೆಪವಾಗಿ ಹೇಳುವಂತಿಲ್ಲ.

೧೯೭೯ರ ಮಾರ್ಚಿ ತಿಂಗಳು. ನಾನು ಕಾಲೇಜಿನ ವಿದ್ಯಾರ್ಥಿ. ಪರೀಕ್ಷೆಗಳು ಹತ್ತಿರವಾಗಿದ್ದುವು, ಪಕ್ಕದ ಬೀದಿಯಲ್ಲಿ ಮದುವೆ, ದರ್ಜಿಗಳ ಅಂಗಡಿಗಳಲ್ಲಿ ಇಸ್ತ್ರಿಪೆಟ್ಟಿಗೆಗಳಿಗೆ ಬಿಡುವಿಲ್ಲ. ಒಂದೇ ರಾತ್ರಿಯಲ್ಲಿ ಟ್ರಾನ್ಸ್‌ಫಾರ್ಮರಿನ ಮೇಲಣ ಫ್ಯೂಸು ಮೂರು ಸಲ ಹೋಯಿತು. ಮೂರನೆಯ ಸಲ ಲೈನ್‌ಮನ್ನನು ಸೈಕಲ್ಲಿನಲ್ಲಿ ಬಂದಾಗ ಹನ್ನೊಂದು ಗಂಟೆ. ಕಂಬದ ಕೆಳಗೆ ಇಪ್ಪತ್ತು ಮಂದಿ ಸೇರಿದ್ದೆವು. ಒಂದೆಳೆಯ ಬದಲು ಮೂರೆಳೆಯನ್ನು ಹೊಸೆದು ಕಟ್ಟೆಂದು ಯಾರೋ ಹೇಳಿದರು. ಎಲ್ಲರೂ ಅದನ್ನೇ ಹೇಳಿದೆವು. ನನ್ನ ಪುಸ್ತಕವನ್ನು ಅವನ ಮುಖದ ಮುಂದೆ ಹಿಡಿದು, “ಅಣ್ಣಾ, ನಾಳಿದ್ದು ಪರೀಕ್ಷೆ” ಎಂದವನು ನಾನು. ಅವನು ತುಸು ಹೊತ್ತು ಸುಮ್ಮನಿದ್ದು, “ತಂತಿ ತಡೆಯುತ್ತೆ ಸ್ವಾಮಿ. ಅದರ ಹಿಂದಿರೋದು ತಡೆಯೋದಿಲ್ಲ” ಎಂದನು. ಮದುವೆಯ ಮನೆಯ ಯಜಮಾನರು ಅವನ ಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. ಮಾರ್ಗವನ್ನು ಕಡಿದು, ಮೇಲೇರಿ, ಕಟ್ಟಿ ಇಳಿದನು. ದೀಪ ಬಂದಿತು. ಮಕ್ಕಳು ಕೂಗಿದರು.

ಎಂಟು ವಾರಗಳ ಮೇಲೆ, ಒಂದು ಮಧ್ಯಾಹ್ನ, ಕೆಳಗಣ ತಂತಿಗಳು ಒಂದಕ್ಕೊಂದು ತಗುಲಿದುವು. ಸರಿಯಾದ ಎಳೆಯಿದ್ದಿದ್ದರೆ ಅದು ಆಗಲೇ ಕಡಿದು ಬೀಳಬೇಕಾಗಿತ್ತು. ಬೀಳಲಿಲ್ಲ. ಟ್ರಾನ್ಸ್‌ಫಾರ್ಮರಿನ ಎಣ್ಣೆ ಕುದಿದು ಉಕ್ಕಿ ಹೊತ್ತಿಕೊಂಡು, ಕೆಳಗಿದ್ದ ದರ್ಜಿಯ ತಗಡಿನ ಅಂಗಡಿಯ ಮೇಲೆ ಸುರಿಯಿತು. ಒಳಗೆ ಮಲಗಿದ್ದ ಗುಂಡಿ ಹೊಲಿಯುವ ಹುಡುಗನ ಎರಡು ಕೈಗಳೂ ಬೆಂದುವು. ಪ್ರಾಣ ಉಳಿಯಿತು, ಸೂಜಿ ಹಿಡಿಯುವ ಬೆರಳುಗಳು ಉಳಿಯಲಿಲ್ಲ.

ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಮೂರೆಳೆಯ ತಂತಿ ಅಲ್ಲಿಯೇ ಇತ್ತು. ಸಾಕ್ಷಿಗೆ ಬೇರೇನೂ ಬೇಕಿರಲಿಲ್ಲ. ಕಟ್ಟಿದವನು ಯಾರೆಂದು ಕೇಳಿದರು, ಹೇಳಿದೆವು. ಕಟ್ಟಿಸಿದವರು ಯಾರೆಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಒಂದೇ ಟ್ರಾನ್ಸ್‌ಫಾರ್ಮರಿಗೆ ಅಷ್ಟು ಮನೆಗಳನ್ನು ಹೇರಿದವರು ಯಾರೆಂಬ ಪ್ರಶ್ನೆಯಂತೂ ಏಳಲೇ ಇಲ್ಲ. ಅವನನ್ನು ಕೆಲಸದಿಂದ ತೆಗೆದರು.

ಈಗ ನಮ್ಮ ಮಿತ್ರರ ಹೋಲಿಕೆಗೆ ಹಿಂದಿರುಗುತ್ತೇನೆ. ಆ ರಾತ್ರಿ ಕಂಬದ ಕೆಳಗೆ ನಿಜವಾದ ಫ್ಯೂಸು ಎಲ್ಲಿತ್ತು? ಆ ಮನುಷ್ಯನ ಕ್ಷಣಕಾಲದ ಮೌನದಲ್ಲಿತ್ತೆಂದು ನನಗೆ ತೋರುತ್ತದೆ. ಆತನ ಸಂಕೋಚವೇ ತೆಳುವಾದ ಎಳೆ. ತಂತಿಗೆ ಎರಡೆಳೆ ಸೇರಿಸುವುದಕ್ಕೆ ಮೊದಲು ನಾವು ಇಪ್ಪತ್ತು ಮಂದಿ ಸೇರಿ ಆ ಎಳೆಯನ್ನು ದಪ್ಪಮಾಡಿದೆವು. ತಂತಿಗಿಲ್ಲದ ಶಕ್ತಿ, ಒಲ್ಲೆನೆನ್ನುವ ಶಕ್ತಿ, ಅಲ್ಲಿ ಅವನೊಬ್ಬನಿಗೆ ಇತ್ತು. ಅದನ್ನು ಅವನಿಂದ ಕಿತ್ತುಕೊಂಡೆವು. ಬಳಿಕ ಬೆಂಕಿ ಬಿದ್ದಾಗ, ಅವನನ್ನು ಬೇರೊಂದು ಅರ್ಥದಲ್ಲಿ ಫ್ಯೂಸಾಗಿ ಮಾಡಿದೆವು: ಎಲ್ಲಕ್ಕಿಂತ ಅಗ್ಗವಾದ ಕೊಂಡಿಯೆಂದು ಅವನನ್ನು ಕರಗಿಸಿ, ನಾವೂ ಕಚೇರಿಯೂ ಉಳಿದುಕೊಂಡೆವು. ವಸ್ತುಗಳ ನಡುವೆ ಒಂದನ್ನು ಬಡಕಲಾಗಿ ಇಡುವುದು ವಿವೇಕ. ಮನುಷ್ಯರ ನಡುವೆ ಒಬ್ಬನನ್ನು ಹಾಗೆ ಇಟ್ಟು, ಅವನಿಗೆ ಹೇಳದೆ, ಅವನ ಒಪ್ಪಿಗೆಯಿಲ್ಲದೆ, ಸಮಯ ಬಂದಾಗ ಸುಡುವುದಕ್ಕೆ ಏನೆಂದು ಹೆಸರಿಡೋಣ? ತ್ಯಾಗವೆಂದು ಹೊಗಳಿದರೆ ಸುಟ್ಟವರಿಗೆ ಬಹಳ ಅನುಕೂಲವಾಗುತ್ತದೆ.

ಅವನು ಬಲವಂತಕ್ಕೆ ಮಣಿದುದು ಅವನ ತಪ್ಪೇ ಅಲ್ಲವೆ ಎನ್ನುವವರುಂಟು. ತಪ್ಪೇ. ನಾನು ಉದ್ಯೋಗದಲ್ಲಿದ್ದಾಗ ಇಂಥ ತಪ್ಪನ್ನು ಮಾಡಿದವರನ್ನು ಕ್ಷಮಿಸಿದವನಲ್ಲ. ಆದರೆ ಮೂರು ಹಂತದ ಮಾರ್ಗದಲ್ಲಿ ಒಂದು ಫ್ಯೂಸು ಕರಗಿದರೆ ಮಿಕ್ಕೆರಡನ್ನೂ ಬದಲಾಯಿಸಬೇಕೆಂಬುದು ನಮ್ಮ ಕಸುಬಿನ ನಿಯಮ. ಹೊರಗೆ ನೆಟ್ಟಗೆ ಕಂಡರೂ ಅವೂ ಅದೇ ಕಾವನ್ನು ಉಂಡಿರುತ್ತವೆ. ಕಚೇರಿಗಳಲ್ಲಿ ಈ ನಿಯಮವನ್ನು ನಾನು ಕಂಡುದಿಲ್ಲ.

ಫ್ಯೂಸಿನ ಹೊಗಳಿಕೆಗೆ ಇನ್ನೊಂದು ಮಿತಿಯನ್ನೂ ಹಾಕಬೇಕಾಗಿದೆ. ೨೦೨೩ರ ನವೆಂಬರು ೧೯ರ ಬೆಳಗಿನ ಜಾವ, ಕೃಷ್ಣರಾಜಪುರದಿಂದಾಚೆ ವೈಟ್‌ಫೀಲ್ಡಿನ ಹೋಪ್ ಫಾರ್ಮ್ ವೃತ್ತದ ಬಳಿ, ಹರಿದುಬಿದ್ದಿದ್ದ ೧೧,೦೦೦ ವೋಲ್ಟಿನ ತಂತಿಯನ್ನು ತುಳಿದು ಒಬ್ಬ ತರುಣಿಯೂ ಅವಳ ಒಂಬತ್ತು ತಿಂಗಳ ಕೂಸೂ ಸತ್ತರು. ಅಲ್ಲಿ ಏನೇನು ತಪ್ಪಿತೆಂಬುದನ್ನು ನಿರ್ಣಯಿಸುವುದು ಈ ಲೇಖನದ ಕೆಲಸವಲ್ಲ. ಸಾಮಾನ್ಯವಾದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಒಣನೆಲದ ಮೇಲೆ ಬಿದ್ದ ತಂತಿಯಿಂದ ಹರಿಯುವ ಪ್ರವಾಹ ಬಹಳ ಸ್ವಲ್ಪ. ಬೀದಿಯ ಎಲ್ಲ ಮನೆಗಳ ಹೊರೆಗಿಂತ ಅದು ಕಡಮೆಯಿರಬಹುದು. ೫ ಆಂಪಿಯರಿನ ಫ್ಯೂಸು ೫ ಆಂಪಿಯರಿನವರೆಗೂ ಸುಮ್ಮನಿರುತ್ತದೆ. ಮನುಷ್ಯನ ಎದೆಗೆ ಅದರ ನೂರೈವತ್ತರಲ್ಲೊಂದು ಪಾಲೂ ಅಪಾಯವೇ. ಫ್ಯೂಸು ಕಾಯುವುದು ತಂತಿಯನ್ನು, ಯಂತ್ರವನ್ನು. ಅದರ ಲೆಕ್ಕದಲ್ಲಿ ಪ್ರಾಣವೆಂಬ ಅಂಕಿಯೇ ಇಲ್ಲ. ಅಲ್ಪಪ್ರವಾಹವನ್ನು ಕಂಡುಹಿಡಿಯುವ ಸಾಧನಗಳು ಬೇರೆ ಇವೆ, ಅವಕ್ಕೆ ಹಣ ಬೇಕು, ಕಂಬಗಳನ್ನೂ ತಂತಿಗಳನ್ನೂ ನೋಡಿಕೊಳ್ಳುವ ಕಣ್ಣುಗಳು ಬೇಕು. ಫ್ಯೂಸಿದೆಯಲ್ಲ ಎಂದು ನೆಮ್ಮದಿಯಾಗಿ ಮಲಗುವವರಲ್ಲಿ ನಾನೂ ಒಬ್ಬನಾಗಿದ್ದೆನು. ಮೂವತ್ತು ವರ್ಷ ಅದರ ಲೆಕ್ಕ ಹಾಕಿದವನು.

ಆ ಲೈನ್‌ಮನ್ನನನ್ನು ನಾನು ಮತ್ತೊಮ್ಮೆ ಕಂಡೆನು. ಹತ್ತು ಹನ್ನೆರಡು ವರ್ಷವಾಗಿತ್ತು. ಸೋಮೇಶ್ವರನ ಗುಡಿಯ ಹೊರಗೆ, ಹೂವಿನ ಅಂಗಡಿಯ ಪಕ್ಕದಲ್ಲಿ, ಸೈಕಲ್ಲಿನ ಪಂಕ್ಚರು ಹಾಕುತ್ತ ಕುಳಿತಿದ್ದನು. ನನ್ನ ಗುರುತು ಅವನಿಗೆ ಹತ್ತಿತು. ನಾನು ಹೇಳಬೇಕೆಂದಿದ್ದುದನ್ನು ಆರಂಭಿಸಿದೆನು. ಅವನು ಟ್ಯೂಬನ್ನು ನೀರಿನಲ್ಲದ್ದಿ ಗುಳ್ಳೆ ಏಳುವುದನ್ನೇ ನೋಡುತ್ತ, “ಪರೀಕ್ಷೆ ಪಾಸಾದಿರಾ ಸ್ವಾಮಿ?” ಎಂದನು. ಆಯಿತೆಂದೆನು. “ನಿಮ್ಮ ಬೀದಿ ಕಂಬದಲ್ಲಿ ಈಗ ಎಷ್ಟೆಳೆ ಕಟ್ಟವ್ರೆ?” ಎಂದು ಕೇಳಿದನು. ಆ ಹೊತ್ತಿಗೆ ನಾನು ಎಂಜಿನಿಯರನಾಗಿ ಆರು ವರ್ಷವಾಗಿತ್ತು. ದಿನವೂ ಆ ಕಂಬದ ಕೆಳಗೆ ಹಾದುಹೋಗುತ್ತಿದ್ದೆನು. ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ.